ಚಕ್ಕುಲಿ ಯುಗ

ಬೆಂಗಳೂರಿನಲ್ಲಿ ಡೈನೋಸಾರ್ ಮೂಳೆ ಹುಡುಕಿಕೊಂಡು ನೆಲ ಅಗೆಯಲು ಹೊರಟವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಸಿಗುವುದಿಲ್ಲ. ಕಾವೇರಿ ಪೈಪು ಸಿಗುತ್ತದೆ. ಯಾವ ಕಂಪನಿಯದೆಂದು ಯಾರಿಗೂ ಗೊತ್ತಿಲ್ಲದ ಕೇಬಲ್ಲು ಸಿಗುತ್ತದೆ. ಈ ವರ್ಷದ ರಸ್ತೆಯ ಕೆಳಗೆ ಹೋದ ವರ್ಷದ ರಸ್ತೆ, ಅದರ ಕೆಳಗೆ ಅದರ ಹಿಂದಿನ ವರ್ಷದ್ದು ಸಿಗುತ್ತದೆ. ಮೂಳೆ ಮಾತ್ರ ಇಲ್ಲ. ಇದರಲ್ಲಿ ಪಾಲಿಕೆಯ ತಪ್ಪೇನೂ ಇಲ್ಲ, ನಮ್ಮ ನೆಲದ ಹಣೆಬರಹವೇ ಅಷ್ಟು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಹೊತ್ತು ಕೂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಪ್ರಾಣಿಗಳಿಗೆ ಚಿಪ್ಪು, ಮೂಳೆ ಮುಂತಾದ ಗಟ್ಟಿ ಸಾಮಾನು ಧಾರಾಳವಾಗಿ ಒದಗಿದ್ದು ಈಚೆಗೆ, ಸುಮಾರು 54 ಕೋಟಿ ವರ್ಷಗಳ ಹಿಂದೆ. ಡೈನೋಸಾರ್‌ಗಳಂತೂ ಮೊನ್ನೆಯವು, ಸುಮಾರು 23 ಕೋಟಿ ವರ್ಷದ ಹಿಂದೆ ಬಂದು, 6.6 ಕೋಟಿ ವರ್ಷದ ಹಿಂದೆ ಎದ್ದು ಹೋದವು. ಲಾಲ್‌ಬಾಗಿನ ಬಂಡೆ ಕುದ್ದು, ಮಡಿಚಿ, ಆರುವ ಹೊತ್ತಿಗೆ ಅದರೊಳಗೆ ಬಿದ್ದು ಸಾಯಲು ಒಂದು ಇರುವೆಯೂ ಹುಟ್ಟಿರಲಿಲ್ಲ.

ಕರ್ನಾಟಕದ ಬಹುಪಾಲಿಗೆ ಇದೇ ಕಥೆ. ಚಿತ್ರದುರ್ಗದ ಕಡೆ, ಶಿವಮೊಗ್ಗದ ಕುಂಸಿಯ ಬಳಿ ಸ್ಟ್ರೊಮಾಟೊಲೈಟ್ ಎಂಬ ಪದರಗಲ್ಲುಗಳಿವೆ. 250 ಕೋಟಿ ವರ್ಷಕ್ಕೂ ಹಿಂದೆ, ತಿಳಿನೀರಿನ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಒಂದರ ಮೇಲೊಂದು ಪದರ ಕಟ್ಟಿ ಬಿಟ್ಟುಹೋದ ಗುರುತು ಅದು. ಹಿರಿತನದಲ್ಲಿ ಅದಕ್ಕೆ ಸರಿಗಟ್ಟುವವರು ಕಡಿಮೆ. ಆದರೆ ಹಲ್ಲಿಲ್ಲ, ಬಾಲವಿಲ್ಲ, ಮಕ್ಕಳಿಗೆ ತೋರಿಸಿದರೆ ‘ಇಷ್ಟೇನಾ?’ ಎನ್ನುತ್ತಾರೆ. 19ನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಗೋಕಾಕದ ಕಡೆ ಒಂದು ಖಡ್ಗಮೃಗದ ಮೂಳೆಗಳು ಸಿಕ್ಕಿದ್ದುಂಟು. ಕರದಂಟಿನ ಊರಿನಲ್ಲಿ ಖಡ್ಗಮೃಗ ಅಡ್ಡಾಡಿತ್ತು ಎಂಬುದು ಹೆಮ್ಮೆಯ ವಿಷಯವೇ. ಆದರೆ ಡೈನೋಸಾರ್ ಬೇಕೆಂದರೆ ಗುಜರಾತಿಗೋ ಮಧ್ಯಪ್ರದೇಶಕ್ಕೋ ಹೋಗಬೇಕು, ಕಡಲಚಿಪ್ಪು ಬೇಕೆಂದರೆ ತಮಿಳುನಾಡಿನ ಅರಿಯಲೂರಿಗೆ. ನೀರಿನ ಹಾಗೆ ಇದರಲ್ಲೂ ಹೆಚ್ಚಿನ ಪಾಲು ಪಕ್ಕದ ರಾಜ್ಯಕ್ಕೇ ಹೋಗಿದೆ.

ಆದ್ದರಿಂದ ನಮ್ಮ ಮಕ್ಕಳಿಗೆ ಪಳೆಯುಳಿಕೆ ಬೇಕೆಂದರೆ ಮನೆಯಲ್ಲೇ ಮಾಡಿಕೊಳ್ಳುವುದು ಅನಿವಾರ್ಯ. ಈ ಅನಿವಾರ್ಯ ನಮ್ಮ ಮನೆಗೆ ಬಂದದ್ದು ಮೊಮ್ಮಗಳ ಶಾಲೆಯ ವಾಟ್ಸಾಪ್ ಗುಂಪಿನಿಂದ. ಗೋಕುಲಾಷ್ಟಮಿ ಮುಗಿದಿತ್ತು, ಗಣೇಶನ ಹಬ್ಬ ಇನ್ನೂ ಬಂದಿರಲಿಲ್ಲ. ಐದನೇ ಕ್ಲಾಸಿನ ಮಕ್ಕಳು ಸೋಮವಾರ ಪಳೆಯುಳಿಕೆಗಳ ಮಾದರಿ ಮಾಡಿ ತರತಕ್ಕದ್ದು. ಪ್ರತಿಯೊಂದಕ್ಕೂ ಹೆಸರು, ಸಿಕ್ಕ ಜಾಗ, ಕಾಲಮಾನ ಬರೆದ ಚೀಟಿ ಅಂಟಿಸತಕ್ಕದ್ದು. ತಂದೆತಾಯಿ ಸಹಾಯ ಮಾಡತಕ್ಕದ್ದಲ್ಲ. ಮಗ ಮತ್ತು ಸೊಸೆ ಇದನ್ನು ವಕೀಲರ ಕಣ್ಣಿನಿಂದ ಎರಡೆರಡು ಸಲ ಓದಿ, ನಿಷೇಧದ ಪಟ್ಟಿಯಲ್ಲಿ ತಾತನ ಹೆಸರಿಲ್ಲ ಎಂದು ಖಚಿತಪಡಿಸಿಕೊಂಡು, ತಮ್ಮ ತಮ್ಮ ಲ್ಯಾಪ್‌ಟಾಪಿಗೆ ಹಿಂದಿರುಗಿದರು. ನಿವೃತ್ತರಾದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಇಂಥ ದಿನಕ್ಕೆ.

ಸಾಮಾನಿಗೆ ಹೆಚ್ಚು ಅಲೆಯಬೇಕಾಗಲಿಲ್ಲ. ಗಣೇಶನಿಗೆಂದು ಬೀದಿ ತುದಿಯಲ್ಲಿ ಆಗಲೇ ಜೇಡಿಮಣ್ಣು ಬಂದಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೇಳಿದಾಗ ಮಾತ್ರ ಸ್ಟೇಷನರಿ ಅಂಗಡಿಯವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

“ಗಣೇಶ ಮಾಡೋಕಾ ಸಾರ್? ಪಿಒಪಿ ಗಣೇಶ ಬ್ಯಾನ್ ಆಗಿದೆ.”

“ಗಣೇಶ ಅಲ್ಲಪ್ಪ. ಹದಿನೈದು ಕೋಟಿ ವರ್ಷದ್ದು ಒಂದು ಶಂಖದ ಥರದ್ದು ಮಾಡೋದಿದೆ.”

“ಯಾವತ್ತಿಗೆ ಬೇಕು?”

“ಸೋಮವಾರಕ್ಕೆ.”

“ಹಂಗಾದ್ರೆ ಎರಡು ಕೇಜಿ ತಗೊಳ್ಳಿ” ಎಂದು ತೂಕಕ್ಕೆ ಹಾಕಿದ. ಕೊನೇ ಗಳಿಗೆಯ ಪ್ರಾಜೆಕ್ಟುಗಳನ್ನು ಇವನಷ್ಟು ಕಂಡವರು ಯಾರೂ ಇರಲಾರರು. ಕೋಟಿ ವರ್ಷದ ಲೆಕ್ಕ ಅವನನ್ನು ಒಂದಿಷ್ಟೂ ಅಲುಗಿಸಲಿಲ್ಲ.

ಈ ಬಿಳಿಪುಡಿಯ ಚರಿತ್ರೆಯೇ ಒಂದು ತಮಾಷೆ. ಜಿಪ್ಸಮ್ ಎಂಬ ಕಲ್ಲನ್ನು 150 ಡಿಗ್ರಿಯ ಆಸುಪಾಸಿನಲ್ಲಿ ಹುರಿದರೆ ಅದರೊಳಗೆ ಅಡಗಿದ್ದ ನೀರಿನ ಮುಕ್ಕಾಲು ಪಾಲು ಹಾರಿಹೋಗುತ್ತದೆ. ಉಳಿದ ಪುಡಿಗೆ ಮತ್ತೆ ನೀರು ತೋರಿಸಿದರೆ ಸಾಕು, ಕಳೆದುಕೊಂಡದ್ದನ್ನೆಲ್ಲ ಗಟಗಟನೆ ಕುಡಿದು ಪುನಃ ಕಲ್ಲಾಗುತ್ತದೆ. ಪ್ಯಾರಿಸ್ಸಿನ ಹೆಸರು ಬಂದದ್ದು ಅಲ್ಲಿನ ಮೊಂಮಾರ್ತ್ರ್ ಗುಡ್ಡದ ಜಿಪ್ಸಮ್ ಗಣಿಗಳಿಂದ. ಆ ಗಣಿಗಳ ಕಲ್ಲಿನಲ್ಲಿ ನಿಜವಾದ ಪಳೆಯುಳಿಕೆಗಳು ಬೇಕಾದಷ್ಟಿದ್ದವು. 1804ರಲ್ಲಿ ಅಂಥದೊಂದು ಚಪ್ಪಡಿಯಲ್ಲಿ ಪುಟ್ಟ ಪ್ರಾಣಿಯ ಅಸ್ಥಿಪಂಜರ ಅರ್ಧ ಕಾಣಿಸಿತ್ತು. ಜಾರ್ಜ್ ಕ್ಯೂವಿಯೆ ಎಂಬ ವಿಜ್ಞಾನಿ ಅದರ ಹಲ್ಲು ನೋಡಿದ, ಇದು ಹೊಟ್ಟೆಚೀಲದಲ್ಲಿ ಮರಿ ಹೊರುವ ಒಪೊಸಮ್ ಜಾತಿಯದು ಎಂದ, ಹಾಗಿದ್ದರೆ ಸೊಂಟದ ಮುಂದೆ ಎರಡು ಸಣ್ಣ ಮೂಳೆ ಇರಲೇಬೇಕು ಎಂದು ನಾಲ್ಕು ಜನರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಕಲ್ಲು ಕೆರೆದ. ಎರಡೂ ಮೂಳೆ ಇದ್ದವು. ಜ್ಯೋತಿಷಿಗಳಿಗೂ ಸಿಗದ ಯಶಸ್ಸು! ಆದರೆ ಕ್ಯೂವಿಯೆಯ ಕಣ್ಣಿಗೆ ಬೀಳದೆ ನೇರವಾಗಿ ಗೂಡಿಗೆ ಹೋಗಿ ಬೆಂದು ಪುಡಿಯಾದ ಪ್ರಾಣಿಗಳೂ ಇದ್ದಿರಬೇಕಲ್ಲ? ನಿಜವಾದ ಪಳೆಯುಳಿಕೆಯನ್ನು ಹುರಿದು ಪುಡಿಮಾಡಿ, ಆ ಪುಡಿಯಿಂದ ಸುಳ್ಳು ಪಳೆಯುಳಿಕೆ ಮಾಡುವಷ್ಟು ಬುದ್ಧಿವಂತಿಕೆ ಮನುಷ್ಯನಿಗಲ್ಲದೆ ಇನ್ನಾರಿಗೆ ಬರುತ್ತದೆ?

ಮಾಡುವ ವಿಧಾನ ಸುಲಭ. ಜೇಡಿಮಣ್ಣನ್ನು ಬೆರಳಿಗೆ ಅಂಟದಂತೆ ನಾದಿ ಬಿಲ್ಲೆ ತಟ್ಟಬೇಕು. ಅಚ್ಚಾಗಬೇಕಾದ ವಸ್ತುವಿಗೆ ವ್ಯಾಸಲೀನ್ ಸವರಿ, ಮಣ್ಣಿಗೆ ಒತ್ತಿ, ಅಲುಗಾಡಿಸದೆ ನೆಟ್ಟಗೆ ಮೇಲಕ್ಕೆತ್ತಬೇಕು. ನೀರಿನ ಬಾಟಲಿಯನ್ನು ಬಳೆಯಾಗಿ ಕತ್ತರಿಸಿ ಸುತ್ತ ಗೋಡೆ ಕಟ್ಟಬೇಕು. ಆಮೇಲೆ ಪ್ಲಾಸ್ಟರ್. ಪುಡಿಗೆ ನೀರು ಹಾಕಬಾರದು, ನೀರಿಗೆ ಪುಡಿ ಉದುರಿಸಬೇಕು. ಒಂದು ಪಾಲು ನೀರಿಗೆ ಹೆಚ್ಚುಕಡಿಮೆ ಎರಡು ಪಾಲು ಪುಡಿ, ಹದ ದೋಸೆ ಹಿಟ್ಟಿನದು. ಸುರಿದ ಮೇಲೆ ಮೇಜನ್ನು ಮೆಲ್ಲಗೆ ಕುಟ್ಟಿದರೆ ಒಳಗಿನ ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಕುಟ್ಟದಿದ್ದರೆ ಪಳೆಯುಳಿಕೆಗೆ ಸಿಡುಬಿನ ಕಲೆ. ಮಿಕ್ಕ ಪ್ಲಾಸ್ಟರನ್ನು ಸಿಂಕಿಗೆ ಸುರಿಯಬಾರದು, ಅದು ಪೈಪಿನೊಳಗೆ ಹೋಗಿ ಅಲ್ಲೇ ಪೈಪಿನ ಅಚ್ಚು ತೆಗೆದುಬಿಡುತ್ತದೆ. ಆ ಪಳೆಯುಳಿಕೆಯನ್ನು ಹೊರತೆಗೆಯುವ ಪ್ಲಂಬರನ ಶುಲ್ಕ ಭೂವಿಜ್ಞಾನಿಗಿಂತ ಹೆಚ್ಚು. ದಪ್ಪಗೆ ಕಲಸಿದ ಪ್ಲಾಸ್ಟರಿನಲ್ಲಿ ಮಕ್ಕಳ ಕೈ ಹೂಳಿಸುವುದಂತೂ ಕೂಡದು. ಗಟ್ಟಿಯಾಗುವಾಗ ಅದು ಚರ್ಮ ಸುಡುವಷ್ಟು ಕಾಯುತ್ತದೆ. ತೆಳು ಬಿಲ್ಲೆಯಾದರೆ ಹದವಾಗಿ ಬೆಚ್ಚಗಾಗುತ್ತದೆ. ಮೊಮ್ಮಗಳು ಅಂಗೈಯನ್ನು ಅದರ ಮೇಲಿಟ್ಟು, “ತಾತ, ಇದಕ್ಕೆ ಜ್ವರ ಬಂದಿದೆ” ಎಂದು ವರದಿ ಕೊಟ್ಟಳು. ಕಲ್ಲಾಗುವ ಮೊದಲು ಸ್ವಲ್ಪ ಜ್ವರ ಬರುವುದು ಎಲ್ಲರಿಗೂ ಇದ್ದದ್ದೇ.

ಮೊದಲು ಎಲೆಗಳಾದವು. ಹಿತ್ತಲಿನ ಸೀಬೆ ಎಲೆಯಷ್ಟು ಒಳ್ಳೆಯ ಎಲೆ ಇನ್ನೊಂದಿಲ್ಲ. ಮೇಲ್ಮೈಯಲ್ಲಿ ಏನೂ ಕಾಣದಿದ್ದರೂ ಬೆನ್ನಿನ ಕಡೆ ನರಗಳು ಉಬ್ಬಿ ನಿಂತಿರುತ್ತವೆ. ಬೆನ್ನು ಕೆಳಗಾಗಿ ಒತ್ತಿ ತೆಗೆದರೆ ನಡುನರ, ಅದರಿಂದ ಕವಲೊಡೆದ ಜೋಡಿ ನರಗಳು, ಅವುಗಳ ನಡುವಿನ ಸಣ್ಣ ಜಾಲ ಎಲ್ಲವೂ ಮಣ್ಣಿಗೆ ಇಳಿಯುತ್ತವೆ. ಪ್ಲಾಸ್ಟರ್ ಒಣಗಿದ ಮೇಲೆ ತಣ್ಣಗಿನ ಡಿಕಾಕ್ಷನ್ನನ್ನು ಬ್ರಷ್ಷಿನಿಂದ ಬಳಿದು ಬಟ್ಟೆಯಲ್ಲಿ ಒರೆಸಬೇಕು. ಉಬ್ಬಿದ ಕಡೆ ಬಣ್ಣ ಹೋಗುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ನಿನ್ನೆ ಗಿಡದಲ್ಲಿದ್ದ ಎಲೆಗೆ ಐದು ನಿಮಿಷದಲ್ಲಿ ಐದು ಕೋಟಿ ವರ್ಷ ವಯಸ್ಸಾಗುತ್ತದೆ. ಕಾಫಿಗೆ ಇಂಥ ಶಕ್ತಿ ಇದೆ ಎಂದು ಡಾಕ್ಟರು ನನಗೆ ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದರು.

ಡಿಕಾಕ್ಷನ್ ಹೋದಲ್ಲಿ ಚರಟವೂ ಹೋಗಲೇಬೇಕು. ನಮ್ಮ ಫಿಲ್ಟರಿನ ಚರಟ ದಿನವೂ ಗುಲಾಬಿ ಗಿಡದ ಬುಡಕ್ಕೆ ಬೀಳುವುದು ರೂಢಿ. ಆ ವಾರ ಗುಲಾಬಿಗೆ ಉಪವಾಸ. ಒಂದು ಲೋಟ ಚರಟ, ಒಂದು ಲೋಟ ಮೈದಾ, ಅರ್ಧ ಲೋಟ ಉಪ್ಪು, ಅರ್ಧ ಲೋಟ ತಣ್ಣಗಿನ ಡಿಕಾಕ್ಷನ್, ಇಷ್ಟನ್ನು ಕಲಸಿದರೆ ಒರಟು ಒರಟಾದ ಕಂದು ಹಿಟ್ಟು ಬರುತ್ತದೆ. ಒಣಗಿದರೆ ನೋಡಲು ಸಾಕ್ಷಾತ್ ಬಂಡೆ. ಅದರಲ್ಲಿ ಪ್ಲಾಸ್ಟಿಕ್ ಡೈನೋಸಾರಿನ ಹೆಜ್ಜೆ ಒತ್ತಿದೆವು. ಆಮೇಲೆ ಮೊಮ್ಮಗಳು ಉಳಿದ ಹಿಟ್ಟನ್ನು ಉಂಡೆ, ಸುರುಳಿ ಮಾಡಿ ಸಾಲಾಗಿ ಇಡತೊಡಗಿದಳು. ಏನೆಂದು ಕೇಳಿದರೆ, “ಡೈನೋಸಾರ್ ಕಕ್ಕ.” ಅಜ್ಜಿ ನಮ್ಮಿಬ್ಬರನ್ನೂ ಅಡುಗೆಮನೆಯಿಂದ ಗಡೀಪಾರು ಮಾಡಿದಳು.

ಹುಡುಗಿಯ ಪಕ್ಷದಲ್ಲಿ ವಿಜ್ಞಾನವಿತ್ತು. ಸಗಣಿ ಕಲ್ಲಾದರೆ ಅದಕ್ಕೆ ಕೊಪ್ರೊಲೈಟ್ ಎನ್ನುತ್ತಾರೆ; 1829ರಲ್ಲಿ ಆ ಹೆಸರಿಟ್ಟ ವಿಲಿಯಂ ಬಕ್ಲೆಂಡ್ ಎಂಬ ಇಂಗ್ಲಿಷ್ ಪಾದ್ರಿ–ಪ್ರಾಧ್ಯಾಪಕರು ಅಂಥ ಕಲ್ಲುಗಳನ್ನೇ ಕೊಯ್ದು ಕೂರಿಸಿದ ಒಂದು ಮೇಜನ್ನೂ ಇಟ್ಟುಕೊಂಡಿದ್ದರು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದುರಾದಲ್ಲಿ ಸಿಕ್ಕ ಇಂಥ ಸಗಣಿಯೊಳಗೆ ಹುಲ್ಲಿನ ಕಣಗಳು ಕಂಡು, ಡೈನೋಸಾರ್ ಕಾಲದಲ್ಲೇ ಹುಲ್ಲು ಇತ್ತು ಎಂಬುದು 2005ರಲ್ಲಿ ಜಗತ್ತಿಗೆ ಗೊತ್ತಾಯಿತು. ಅಲ್ಲಿಯವರೆಗೆ ಹುಲ್ಲು ಬಂದದ್ದು ಆ ಪ್ರಾಣಿಗಳು ಹೋದ ಮೇಲೆ ಎಂದೇ ಬಹುಮಂದಿ ನಂಬಿದ್ದರು. ಇಷ್ಟನ್ನೂ ನಾನು ಅಡುಗೆಮನೆ ಬಾಗಿಲ ಹೊರಗೆ ನಿಂತು ವಿವರಿಸಿದೆ. “ಮೇಜು ಇಟ್ಟುಕೊಂಡಿದ್ದವರ ಹೆಂಡತಿಗೆ ಯಾರಾದ್ರೂ ಕೇಳಿದ್ರಾ?” ಎಂಬ ಉತ್ತರ ಒಳಗಿನಿಂದ ಬಂತು.

ಎಲೆ, ಹೆಜ್ಜೆ, ಸಗಣಿ ಎಷ್ಟಿದ್ದರೂ ಅಮೊನೈಟ್ ಇಲ್ಲದ ಸಂಗ್ರಹಕ್ಕೆ ಕಳೆ ಇಲ್ಲ. ಅಮೊನೈಟ್ ಎಂದರೆ ಆಕ್ಟೊಪಸ್‌ನ ದೂರದ ನೆಂಟ, ಸುರುಳಿ ಚಿಪ್ಪಿನ ಕಡಲಪ್ರಾಣಿ, ಡೈನೋಸಾರ್‌ಗಳು ಹೋದ ಕಾಲಕ್ಕೇ ಗುಡಿಸಿಹೋದದ್ದು. ಅದನ್ನು ಮಾಡಲು ಸುರುಳಿ ಬೇಕು. ಹಗ್ಗ ಸುತ್ತಿ ನೋಡಿದೆವು, ಹಗ್ಗದ ಹಾಗೇ ಬಂತು. ಆಗ ಮೊಮ್ಮಗಳ ಕಣ್ಣು ಗೋಕುಲಾಷ್ಟಮಿಯ ಸ್ಟೀಲ್ ಡಬ್ಬದ ಮೇಲೆ ಬಿತ್ತು.

ಚಕ್ಕುಲಿಯನ್ನು ನಾನು ಅಷ್ಟು ಹತ್ತಿರದಿಂದ, ತಿನ್ನುವ ಉದ್ದೇಶವಿಲ್ಲದೆ, ಅದುವರೆಗೆ ನೋಡಿರಲೇ ಇಲ್ಲ. ನಡುವಿನಿಂದ ಹೊರಟು ಸುತ್ತು ಸುತ್ತಾಗಿ ಅಗಲವಾಗುವ ಸುರುಳಿ. ಒರಳಿನ ನಕ್ಷತ್ರದ ತೂತಿನಿಂದ ಇಳಿದು ಬಂದ ಏಣುಗಳು. ಆ ಏಣಿನ ಮೇಲೆ ಎಣ್ಣೆಯಲ್ಲಿ ಬೇಯುವಾಗ ಎದ್ದ ಸಣ್ಣ ಸಣ್ಣ ಮುಳ್ಳು. ಒಂದು ವ್ಯತ್ಯಾಸವಿದೆ. ಚಕ್ಕುಲಿಯ ಏಣು ಸುರುಳಿಯ ಉದ್ದಕ್ಕೆ ಓಡುತ್ತದೆ, ಅಮೊನೈಟಿನದು ಸುರುಳಿಗೆ ಅಡ್ಡವಾಗಿ. ಮೊಮ್ಮಗಳು ಮಣ್ಣಿನ ಅಚ್ಚಿನಲ್ಲಿ ಟೂತ್‌ಪಿಕ್ಕಿನಿಂದ ಅಡ್ಡಗೀರು ಎಳೆದು ಅದನ್ನೂ ಸರಿಪಡಿಸಿದಳು. ಎಲ್ಲಕ್ಕಿಂತ ಅನುಕೂಲವೆಂದರೆ, ಚಕ್ಕುಲಿಗೆ ವ್ಯಾಸಲೀನ್ ಬೇಡ. ಬೆಣ್ಣೆ, ಎಣ್ಣೆ ಎರಡನ್ನೂ ಅದು ಹುಟ್ಟುತ್ತಲೇ ಮೈಗೆ ಹಚ್ಚಿಕೊಂಡು ಬಂದಿರುತ್ತದೆ; ಮಣ್ಣಿನಿಂದ ಒಂದು ಚೂರೂ ಅಂಟದೆ ಎದ್ದು ಬಂತು.

ಬಿಳಿ ಬಿಲ್ಲೆಯ ಮೇಲೆ ಕಲ್ಲಿನ ಚಕ್ಕುಲಿ ಉಬ್ಬಿ ನಿಂತಾಗ ಅಜ್ಜಿಗೂ ಕೋಪ ಇಳಿಯಿತು. “ಥೇಟ್ ಸುದರ್ಶನ ಚಕ್ರ” ಎಂದಳು. ಆ ಮಾತೇ ಮುಂದಿನ ಗಲಾಟೆಗೆ ಬೀಜ. “ತಾತ, ನಿಜವಾದ್ದೇ ದೇವರ ಮನೇಲಿ ಇದೆಯಲ್ಲ, ಅದನ್ನ ಒಂದೇ ಸಲ ಒತ್ತಿ ಕೊಟ್ಬಿಡ್ತೀನಿ” ಎಂದಳು ಮೊಮ್ಮಗಳು. ಸಾಲಿಗ್ರಾಮ ಎಂದರೆ ಅಮೊನೈಟೇ ಎಂದು ಅವಳಿಗೆ ಎಂದೋ ಹೇಳಿದ್ದವನು ನಾನು.

“ಸಾಲಿಗ್ರಾಮಾನ ಮಣ್ಣಿಗೆ ಒತ್ತೋದೇ! ಅದಕ್ಕೆ ವ್ಯಾಸಲೀನ್ ಬೇರೆ! ರೀ, ನೀವಾದ್ರೂ ಬುದ್ಧಿ ಹೇಳಬಾರದಾ?”

ನಾನು ಪ್ಲಾಸ್ಟರ್ ಕಲಸುವುದರಲ್ಲಿ ಮಗ್ನನಾದೆ. ಎಲ್ಲ ಧರ್ಮಸೂಕ್ಷ್ಮಗಳಿಗೂ ಗಂಡಸರು ಕೊಡುವ ಉತ್ತರ ಅದು.

ನೇಪಾಳದ ಮುಕ್ತಿನಾಥದ ಕಡೆಯಿಂದ ಇಳಿದು ಬರುವ ಗಂಡಕಿ ನದಿ, ಹಿಮಾಲಯದ ಕಪ್ಪು ಜೇಡಿಗಲ್ಲಿನ ಪದರ ಕೊರೆದು, ಉರುಟು ಗುಂಡುಗಳನ್ನು ಹೊತ್ತು ತರುತ್ತದೆ. ಗುಂಡಿನೊಳಗೆ ಅಮೊನೈಟ್. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ತಳದಲ್ಲಿ, ಸುಮಾರು 15 ಕೋಟಿ ವರ್ಷಗಳ ಹಿಂದೆ ಕೆಸರಿಗಿಳಿದ ಪ್ರಾಣಿ. ನಮ್ಮ ಮನೆಯದು ತಾತನ ಕಾಲದ್ದೋ ಅದಕ್ಕೂ ಹಿಂದಿನದೋ. ಅಪ್ಪ ದಿನಾ ಅಭಿಷೇಕ ಮಾಡಿ, ಪುಟ್ಟ ಬಟ್ಟೆಯಲ್ಲಿ ಒರೆಸಿ, ತುಳಸಿ ಏರಿಸುತ್ತಿದ್ದರು. ನಾವು ಹಟ ಮಾಡಿದರೆ ಬೆಳಕಿಗೆ ಹಿಡಿದು, “ರಂಧ್ರದೊಳಗೆ ಚಕ್ರ ಇದೆ, ನೋಡು” ಎಂದು ತೋರಿಸುತ್ತಿದ್ದರು. ಒಳಗೆ ಸುತ್ತಿ ಹೋದ ಏಣುಗಳು ಕಾಣುತ್ತಿದ್ದವು. ಅದು ಕಡಲಪ್ರಾಣಿಯ ಚಿಪ್ಪು ಎಂದು ನನಗೆ ಗೊತ್ತಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. ಇದ್ದಿದ್ದರೂ ಅವರೇನೂ ಬೆಚ್ಚುತ್ತಿರಲಿಲ್ಲ. “ಮೊದಲನೇ ಅವತಾರವೇ ಮೀನು ಕಣೋ, ಚಿಪ್ಪಿಗೇನು ಬಂತು?” ಎಂದು ತೀರ್ಥ ಕೊಡುತ್ತಿದ್ದರು.

ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾ ಊರಿನವರು ತಲೆಮಾರುಗಳಿಂದ ಉರುಟು ಕಲ್ಲುಗಳನ್ನು ಕಾಕಡ್ ಭೈರವ ಎಂದು ಹೊಲದ ಅಂಚಿನಲ್ಲಿಟ್ಟು ಪೂಜಿಸುತ್ತಿದ್ದರು. ಅವು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಯಿತು. ಪಳೆಯುಳಿಕೆಗಳನ್ನು ಕಾಪಾಡಲು ನಮ್ಮಲ್ಲಿ ಮ್ಯೂಸಿಯಂ ಕಡಿಮೆ ಎಂದು ಗೊಣಗುವವರು ದೇವರ ಮನೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಒಂದು ಅಮೊನೈಟನ್ನು ನಾಲ್ಕು ತಲೆಮಾರು ಒಂದು ದಿನವೂ ತಪ್ಪಿಸದೆ ತೊಳೆದು ಒರೆಸಿಟ್ಟ ಕ್ಯುರೇಟರು ಯಾವ ದೇಶದಲ್ಲಿದ್ದಾರೆ?

ಸಾಲಿಗ್ರಾಮ ಸಿಗದ ದುಃಖಕ್ಕೆ ಮೊಮ್ಮಗಳು ನನ್ನ ಬೀರುವಿಗೆ ಕೈ ಹಾಕಿದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ನನ್ನದೇ ದವಡೆ. ಹಲ್ಲಿನ ಸೆಟ್ಟು ಕಟ್ಟಿಸುವ ಮೊದಲು ಡಾಕ್ಟರು ಬಾಯಿಗೆ ಗುಲಾಬಿ ಬಣ್ಣದ ಮೇಣದಂಥದ್ದನ್ನು ತುಂಬಿ, ‘ಮಾತಾಡಬೇಡಿ’ ಎಂದು ಹೇಳಿ ತಾವೇ ಮಾತಾಡುತ್ತ ನಿಂತು, ಆಮೇಲೆ ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ತೆಗೆದ ಮಾದರಿ ಅದು. ಯೋಚಿಸಿದರೆ ನಾವು ಜೇಡಿಮಣ್ಣಿನಲ್ಲಿ ಮಾಡುತ್ತಿದ್ದುದೂ ಅದನ್ನೇ: ಮೊದಲು ಅಚ್ಚು, ಆಮೇಲೆ ಎರಕ. ಅಂದರೆ ನನ್ನ ಪಳೆಯುಳಿಕೆ ನನಗಿಂತ ಮುಂಚೆ ಸಿದ್ಧವಾಗಿತ್ತು. ಪ್ರಾಣಿಯ ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿ ಹಲ್ಲಿನ ಹೊಳಪುಪದರ. ಎಷ್ಟೋ ಪ್ರಾಚೀನ ಸಸ್ತನಿಗಳು ಇದ್ದವು ಎಂಬುದಕ್ಕೆ ಹಲ್ಲೊಂದೇ ಪುರಾವೆ. ಆ ಪುರಾವೆಗಳನ್ನೆಲ್ಲ ಒಂದೊಂದಾಗಿ ದಂತವೈದ್ಯರ ತಟ್ಟೆಗೆ ಹಾಕಿ ಬಂದ ನನ್ನಂಥವನ ಬಗ್ಗೆ ಮುಂದಿನ ಕಾಲದವರು ಏನು ತೀರ್ಮಾನಿಸುತ್ತಾರೋ! ಮೊಮ್ಮಗಳು ದವಡೆಯನ್ನು ತಿರುಗಿಸಿ ನೋಡಿ, “ಇದು ಮಾಂಸಾಹಾರಿ ಅಲ್ಲ” ಎಂದಳು. ಅಷ್ಟರಮಟ್ಟಿಗೆ ವಿಜ್ಞಾನ ಸರಿಯಾಗಿತ್ತು.

ದವಡೆ ಎಂದಾಗ ಪಿಲ್ಟ್‌ಡೌನ್ ನೆನಪಾಗದೆ ಇರದು. 1912ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಆ ಊರಿನ ಗರಸು ಮಣ್ಣಿನಲ್ಲಿ ಮಂಗನಿಗೂ ಮನುಷ್ಯನಿಗೂ ನಡುವಿನವನ ತಲೆಬುರುಡೆ ಸಿಕ್ಕಿತೆಂದು ಚಾರ್ಲ್ಸ್ ಡಾಸನ್ ಎಂಬ ವಕೀಲ ತಂದು ತೋರಿಸಿದ. ದೊಡ್ಡ ದೊಡ್ಡವರು ತಲೆದೂಗಿದರು. ಮೊದಲ ಮನುಷ್ಯ ಇಂಗ್ಲಿಷಿನವನಾದರೆ ಯಾವ ಇಂಗ್ಲಿಷಿನವನಿಗೆ ಸಂತೋಷವಿಲ್ಲ? 1953ರಲ್ಲಿ ಗುಟ್ಟು ರಟ್ಟಾಯಿತು: ಬುರುಡೆ ಮನುಷ್ಯನದು, ದವಡೆ ಒರಾಂಗುಟಾನಿನದು, ಹಲ್ಲುಗಳನ್ನು ಅರದಿಂದ ಉಜ್ಜಿ ಮನುಷ್ಯನದರಂತೆ ಮಾಡಲಾಗಿತ್ತು, ಹಳತಾಗಿ ಕಾಣಲೆಂದು ಕಂದು ಬಣ್ಣ ಹಚ್ಚಲಾಗಿತ್ತು. ಬಣ್ಣ ಹಚ್ಚುವ ಭಾಗ ಓದಿದಾಗ ನನ್ನ ಕೈಯಲ್ಲಿ ಡಿಕಾಕ್ಷನ್ ಬ್ರಷ್ಷು ಇತ್ತು, ಮೆಲ್ಲಗೆ ಕೆಳಗಿಟ್ಟೆ.

ಅದಕ್ಕೂ ಹಿಂದೆ, 1725ರಲ್ಲಿ, ಜರ್ಮನಿಯ ವೂರ್ಟ್ಸ್‌ಬರ್ಗಿನ ಪ್ರೊಫೆಸರ್ ಬೆರಿಂಗರ್‌ಗೆ ಗುಡ್ಡದಲ್ಲಿ ವಿಚಿತ್ರ ಕಲ್ಲುಗಳು ಸಿಗತೊಡಗಿದವು. ಕಪ್ಪೆ, ಜೇನುಹುಳು, ಬಲೆಯ ಸಮೇತ ಜೇಡ, ಆಮೇಲೆ ಸೂರ್ಯ, ಚಂದ್ರ, ಧೂಮಕೇತು, ಕೊನೆಗೆ ಹೀಬ್ರೂ ಲಿಪಿಯಲ್ಲಿ ದೇವರ ಹೆಸರು. ಅವರು ಮರುವರ್ಷ ಚಿತ್ರಸಹಿತ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಕಲ್ಲುಗಳನ್ನು ಕೆತ್ತಿಸಿ ಗುಡ್ಡದಲ್ಲಿ ಇಡಿಸಿದ್ದು ಅವರ ಮೇಲೆ ಹೊಟ್ಟೆಕಿಚ್ಚಿದ್ದ ಇಬ್ಬರು ಸಹೋದ್ಯೋಗಿಗಳು. ಸಂಗತಿ ವಿಚಾರಣೆಯವರೆಗೆ ಹೋಯಿತು. ಸ್ಟಾಫ್ ರೂಮಿನ ರಾಜಕೀಯ ನಮ್ಮ ಕಾಲದ ಕಾಣಿಕೆ ಎಂದುಕೊಂಡಿದ್ದವರು ಸಮಾಧಾನ ಪಟ್ಟುಕೊಳ್ಳಬಹುದು. ಆ ಸುಳ್ಳುಗಲ್ಲುಗಳಲ್ಲಿ ಉಳಿದವು ಈಗ ಯುರೋಪಿನ ಮ್ಯೂಸಿಯಂಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿವೆ. ಸುಳ್ಳು ಎಂದು ಚೀಟಿ ಅಂಟಿಸಿದ ಮೇಲೆ ಅವುಗಳ ಮಾನ ಹೆಚ್ಚಿತು.

ಎಲ್ಲ ಇರುವುದು ಚೀಟಿಯಲ್ಲೇ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ 1905ರಿಂದ 2017ರವರೆಗೆ ತಲೆಮಾರುಗಟ್ಟಲೆ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದ 26 ಮೀಟರ್ ಉದ್ದದ ಡಿಪ್ಲೊಡೊಕಸ್ ಇದೆಯಲ್ಲ, ಎಲ್ಲರೂ ಮುದ್ದಿನಿಂದ ಡಿಪ್ಪಿ ಎನ್ನುವುದು, ಅದರಲ್ಲಿ ಮೂಳೆ ಎಂಬುದು ಒಂದೂ ಇಲ್ಲ. 292 ತುಂಡುಗಳೂ ಪ್ಲಾಸ್ಟರ್. ನಿಜವಾದ ಮೂಳೆಗಳು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿಯ ಮನೆಯಲ್ಲಿ ಏಳನೆಯ ಎಡ್ವರ್ಡ್ ದೊರೆ ಅದರ ಚಿತ್ರ ನೋಡಿ ಆಸೆಪಟ್ಟ. ಸಾಹುಕಾರ ಅಚ್ಚು ತೆಗೆಸಿ ಕಳಿಸಿಕೊಟ್ಟ. ಸುದ್ದಿ ತಿಳಿದು ಉಳಿದ ದೇಶಗಳಿಗೂ ಬೇಕಾಯಿತು; ಬರ್ಲಿನ್, ಪ್ಯಾರಿಸ್, ವಿಯೆನ್ನಾ, ಹೀಗೆ ಊರೂರಿಗೂ ಒಂದೊಂದು ಪ್ಲಾಸ್ಟರ್ ಡೈನೋಸಾರ್ ಹೋಯಿತು. ಯಾರೂ ಅದನ್ನು ಮೋಸ ಎನ್ನಲಿಲ್ಲ, ಏಕೆಂದರೆ ಯಾರೂ ಅದನ್ನು ಮೂಳೆ ಎಂದು ಹೇಳಿರಲಿಲ್ಲ. ಪಿಲ್ಟ್‌ಡೌನಿನಲ್ಲಿ ಮೂಳೆ ನಿಜ, ಮಾತು ಸುಳ್ಳು. ಡಿಪ್ಪಿಯಲ್ಲಿ ಮೂಳೆ ಸುಳ್ಳು, ಮಾತು ನಿಜ.

ನಕಲು ಕೆಲವು ಸಲ ಅಸಲಿಗಿಂತ ಹೆಚ್ಚು ನಿಯತ್ತಿನದು. ಚೀನಾದ ಝೌಕೌಡಿಯನ್ ಗುಹೆಯಲ್ಲಿ ಸಿಕ್ಕ ಪೀಕಿಂಗ್ ಮಾನವನ ಮೂಳೆಗಳನ್ನು 1941ರಲ್ಲಿ, ಯುದ್ಧದ ಭಯದಿಂದ, ಪೆಟ್ಟಿಗೆಗಳಲ್ಲಿ ತುಂಬಿ ಅಮೆರಿಕಕ್ಕೆ ಕಳಿಸಲು ಹೊರಟರು. ಪೆಟ್ಟಿಗೆಗಳು ದಾರಿಯಲ್ಲೇ ಮಾಯವಾದವು, ಇಂದಿಗೂ ಪತ್ತೆಯಿಲ್ಲ. ಅದಕ್ಕೆ ಮೊದಲು ಯಾರೋ ತಾಳ್ಮೆಯಿಂದ ಅಚ್ಚು ತೆಗೆದಿಟ್ಟಿದ್ದರಿಂದ ಆ ಬುರುಡೆಗಳ ರೂಪ ಉಳಿಯಿತು. ಹಾಗೆ ನೋಡಿದರೆ ನಿಸರ್ಗವೂ ಮಾಡುವುದು ಇದನ್ನೇ. ಚಿಪ್ಪು ಕೆಸರಿಗೆ ಬೀಳುತ್ತದೆ, ಕೆಸರು ಕಲ್ಲಾಗುತ್ತದೆ, ಚಿಪ್ಪು ಕರಗಿ ಹೋಗುತ್ತದೆ, ಖಾಲಿ ಜಾಗದಲ್ಲಿ ಬೇರೆ ಖನಿಜ ಬಂದು ತುಂಬುತ್ತದೆ. ಎಷ್ಟೋ ಪಳೆಯುಳಿಕೆಗಳಲ್ಲಿ ಪ್ರಾಣಿಯ ಮೈಯದ್ದು ಒಂದು ಕಣವೂ ಇರುವುದಿಲ್ಲ, ಆಕಾರ ಮಾತ್ರ. ನಮಗೂ ನಿಸರ್ಗಕ್ಕೂ ಇರುವ ವ್ಯತ್ಯಾಸ, ಅದಕ್ಕೆ ಸೋಮವಾರದೊಳಗೆ ಒಪ್ಪಿಸುವ ಅವಸರವಿಲ್ಲ.

ಚಕ್ಕುಲಿ ಬಿಲ್ಲೆಗೆ ಡಿಕಾಕ್ಷನ್ ಬಳಿದು ಒರೆಸುವಾಗ ಸುರುಳಿಯ ಹೊರತುದಿಯಲ್ಲಿ ಒಂದು ತಗ್ಗು ಕಂಡಿತು. ಕಂದು ಬಣ್ಣ ಅಲ್ಲಿ ನಿಂತು ಸಣ್ಣ ಸಣ್ಣ ಗೆರೆಗಳನ್ನು ಎತ್ತಿ ತೋರಿಸುತ್ತಿತ್ತು. ನನ್ನಾಕೆ ಚಕ್ಕುಲಿ ಸುತ್ತಿ ಮುಗಿಸಿದ ಮೇಲೆ, ಎಣ್ಣೆಯಲ್ಲಿ ಬಿಚ್ಚಿಕೊಳ್ಳದಿರಲೆಂದು, ತುದಿಯನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತುತ್ತಾಳೆ. ಅವಳ ಅಮ್ಮನೂ ಹಾಗೇ ಒತ್ತುತ್ತಿದ್ದರಂತೆ. ಮದುವೆಯಾದಾಗಿನಿಂದ ಆ ಹೆಬ್ಬೆರಳಿನ ಗುರುತುಗಳನ್ನು ಕರುಂ ಕುರುಂ ಎಂದು ತಿಂದು ಮುಗಿಸುತ್ತ ಬಂದವನು ನಾನು; ನೋಡಿದ್ದು ಈಗ, ಅದೂ ಪ್ಲಾಸ್ಟರಿನಲ್ಲಿ. ಹೆಜ್ಜೆಗುರುತು, ಬಿಲ, ತೆವಳಿದ ಗೆರೆ ಇವಕ್ಕೆಲ್ಲ ವಿಜ್ಞಾನದಲ್ಲಿ ಪ್ರತ್ಯೇಕ ಗೌರವವಿದೆ. ಮೂಳೆ ಹೇಳುವುದು ಪ್ರಾಣಿ ಸತ್ತ ಸಂಗತಿಯನ್ನು. ಗುರುತು ಹೇಳುವುದು ಅದು ಬದುಕಿದ್ದಾಗ ಏನು ಮಾಡುತ್ತಿತ್ತು ಎಂಬುದನ್ನು. ಈಗೀಗ ಅವಳಿಗೆ ಒರಳು ಒತ್ತಿದರೆ ಮಣಿಕಟ್ಟು ನೋಯುತ್ತದೆ. ಮುಂದಿನ ವರ್ಷ ಕಾಂಡಿಮೆಂಟ್ಸ್ ಅಂಗಡಿಯಿಂದ ತಂದರಾಯಿತು ಎಂದು ಸೊಸೆ ಹೇಳಿದ್ದಾಳೆ, ಅವಳೂ ಹೂಂ ಎಂದಿದ್ದಾಳೆ. ಅಂಗಡಿ ಚಕ್ಕುಲಿ ರುಚಿಯಾಗಿಯೇ ಇರುತ್ತದೆ. ತುದಿಯಲ್ಲಿ ಇವಳ ಹೆಬ್ಬೆರಳು ಇರುವುದಿಲ್ಲ, ಅಷ್ಟೇ.

ಗುರುತನ್ನು ಅವಳಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಅಯ್ಯೋ, ಆ ಚಕ್ಕುಲಿ ಸ್ವಲ್ಪ ಸೀದಿತ್ತು, ಬೇರೆ ಒಳ್ಳೇದು ಆರಿಸಿಕೊಳ್ಳಬಾರದಿತ್ತಾ?” ಎಂದಳು.

ಕೊನೆಗೆ ಉಳಿದದ್ದು ಚೀಟಿ ಬರೆಯುವ ಕೆಲಸ. ಸುಮ್ಮನೆ ಜುರಾಸಿಕ್, 15 ಕೋಟಿ ವರ್ಷ, ಸಮುದ್ರತಳ ಎಂದು ಬರೆದುಬಿಡು, ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ನಾನು ಅನುಭವದ ಮಾತು ಹೇಳಿದೆ. “ಸುಳ್ಳು ಯಾಕೆ ಬರೀಬೇಕು ತಾತ?” ಎಂದು ಕೇಳಿ, ಮೊಮ್ಮಗಳು ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದಳು: ಹೆಸರು, ಚಕ್ಕುಲೈಟ್. ಸಿಕ್ಕ ಜಾಗ, ಸ್ಟೀಲ್ ಡಬ್ಬ. ಕಾಲಮಾನ, ಗೋಕುಲಾಷ್ಟಮಿ. ದವಡೆಯ ಚೀಟಿಯಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದರಲ್ಲೂ ಸುಳ್ಳಿರಲಿಲ್ಲ.

ಪ್ರಾಜೆಕ್ಟು ಮನೆಗೆ ವಾಪಸ್ಸು ಬಂದಾಗ ಹತ್ತಕ್ಕೆ ಒಂಬತ್ತೂವರೆ ಇತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಟೀಚರ ಷರಾ: ‘ಚೆನ್ನಾಗಿದೆ. ಕಾಲಮಾನ ತಪ್ಪು.’ ನಿಜ ಬರೆದದ್ದಕ್ಕೆ ಅರ್ಧ ಅಂಕ ಹೋಯಿತು. ಪಿಲ್ಟ್‌ಡೌನಿಗೆ 41 ವರ್ಷ ಪೂರ್ತಿ ಅಂಕ ಸಿಕ್ಕಿತ್ತು.